ಮಳೆ ಸದ್ದಿಗೆ ಸರಿಯಾದ ಮಾತು ಹಿಡಿಯುವುದು ಹೇಗೆ? ದಾವಣಗೆರೆ–ಚಿತ್ರದುರ್ಗ ಸೀಮೆಯವರಿಗೆ ಒಂದು ಮಾರ್ಗದರ್ಶಿ

ಮುಂಗಾರು ಹತ್ತಿರ ಬಂತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಕತೆ ಬರೆಯುವವರು, "ಮಳೆ ಅಂದ ಕೂಡಲೇ 'ಧೋ' ಬಿಟ್ಟು ಬೇರೇನೂ ಹೊಳೆಯಲ್ಲ, ಏನು ಮಾಡೋದು?" ಎಂದು ಕೇಳುತ್ತಾರೆ. ಮೇಷ್ಟ್ರುಗಳು, "ಮಕ್ಕಳಿಗೆ ಮಳೆ ಪದಗಳನ್ನು ಸಂಗ್ರಹಿಸಲು ಹೇಳಿದ್ದೇವೆ, ಎಲ್ಲಿಂದ ಶುರು ಮಾಡಲಿ?" ಎನ್ನುತ್ತಾರೆ. ಇನ್ನು ಕೆಲವರಿಗೆ ಊರಿನ ಹಿರಿಯರ ಮಳೆ ಮಾತನ್ನೂ ಮಳೆ ಸದ್ದನ್ನೂ ಮೊಬೈಲಿನಲ್ಲಿ ಹಿಡಿದಿಡುವ ಆಸೆ. ಮೂರಕ್ಕೂ ದಾರಿ ಒಂದೇ. ಅದನ್ನೇ ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಶುರು ಮಾಡುವ ಮೊದಲು ಒಂದು ವಿಷಯ ಮನಸ್ಸಲ್ಲಿಟ್ಟುಕೊಳ್ಳಿ. ಗಾಳಿಯಲ್ಲಿ ಇಳಿಯುವ ಹನಿ ಹೆಚ್ಚುಕಡಿಮೆ ಸದ್ದೇ ಮಾಡುವುದಿಲ್ಲ. ನಮಗೆ ಕೇಳಿಸುವುದು ಹನಿ ಏನಕ್ಕೆ ಬಡಿಯಿತೋ ಅದರ ಸದ್ದು: ತಗಡಿನದು, ಎಲೆಯದು, ಬಂಡೆಯದು, ನೀರಿನದು. ಹಾಗಾಗಿ "ಮಳೆ ಹೇಗೆ ಸದ್ದು ಮಾಡ್ತಿದೆ?" ಎಂದು ಕೇಳಿಕೊಂಡರೆ ಉತ್ತರ ಸಿಗುವುದು ಕಷ್ಟ. "ಮಳೆ ಯಾವುದರ ಮೇಲೆ ಬೀಳ್ತಿದೆ?" ಎಂದು ಕೇಳಿಕೊಳ್ಳಿ. ಮಾತು ತಾನಾಗಿ ಬಾಯಿಗೆ ಬರುತ್ತದೆ. ಮುಂದಿನ ಹಂತಗಳೆಲ್ಲ ಈ ಪ್ರಶ್ನೆಯ ಸುತ್ತಲೇ ಇವೆ.

ಏನೇನು ಬೇಕು?

ಜಾಸ್ತಿ ಏನೂ ಬೇಡ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್. ಪೆನ್ ಬೇಡ, ಹನಿ ಬಿದ್ದರೆ ಶಾಯಿ ಹರಡುತ್ತದೆ. ರೆಕಾರ್ಡ್ ಮಾಡುವ ಆಸೆ ಇದ್ದರೆ ಮೊಬೈಲ್, ಒಂದು ಒಣ ಟವೆಲ್, ಒಗೆದ ಹಳೆಯ ಕಾಲುಚೀಲ. ಮಳೆ ಎಷ್ಟು ಬಂತೆಂದು ಅಳೆಯಲು ನೆಟ್ಟಗಿನ ಗೋಡೆಯ ಒಂದು ಡಬ್ಬಿ, ಒಂದು ಸ್ಕೇಲ್.

ಛತ್ರಿ ಬೇಡ. ಛತ್ರಿ ಬಿಚ್ಚಿದ ಕೂಡಲೇ ನಿಮಗೆ ಕೇಳಿಸುವುದು ಛತ್ರಿ ಬಟ್ಟೆಯ ಸದ್ದು ಮಾತ್ರ. ರೇನ್‌ಕೋಟ್ ಕೂಡ ಅಷ್ಟೇ. ಕೈ ಅಲ್ಲಾಡಿಸಿದರೆ ಸಾಕು, ಸರಬರ ಅನ್ನುತ್ತದೆ. ಒಂದು ಸೂರಿನ ಕೆಳಗೆ ನಿಲ್ಲುವುದೇ ಒಳ್ಳೆಯದು.

ಹಂತ 1: ಮಳೆ ಯಾವುದೆಂದು ಗುರುತಿಸಿ

ನಮ್ಮದು ಮಲೆನಾಡಲ್ಲ. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಕನ್ನಡದಲ್ಲಿ ಮಳೆಯ ಬಗ್ಗೆ ನಾವು ಓದಿರುವುದರಲ್ಲಿ ಬಹುಪಾಲು ಮಲೆನಾಡಿನದು, ಕರಾವಳಿಯದು. ಆ ಮಾತುಗಳು ಕೈಗೆ ಬೇಗ ಸಿಗುತ್ತವೆ. ಚಳ್ಳಕೆರೆಯ ಮಳೆಗೆ ಆಗುಂಬೆಯ ಮಾತು ಹಾಕಿದರೆ ಓದುವವನಿಗೆ ಎಲ್ಲೋ ತಪ್ಪಿದೆ ಅನ್ನಿಸುತ್ತದೆ.

ಚಿತ್ರದುರ್ಗ ಜಿಲ್ಲೆ ಪಶ್ಚಿಮ ಘಟ್ಟದ ಮಳೆನೆರಳಿನಲ್ಲಿದೆ. ಮಳೆನೆರಳು ಅಂದರೆ, ಮೋಡ ಘಟ್ಟದ ಆಚೆಯೇ ಹೆಚ್ಚು ಸುರಿದು, ಈಚೆಗೆ ಬರುವಾಗ ಬಡವಾಗಿರುವ ಪ್ರದೇಶ. ಜೂನ್–ಜುಲೈಯಲ್ಲಿ ಇಲ್ಲಿ ಮೋಡ, ಗಾಳಿ, ಉದುರು ಹನಿ. ಜೋಗಿಮಟ್ಟಿ ಕಡೆ ಹೋದವರಿಗೆ ಆ ಗಾಳಿಯ ಪರಿಚಯ ಇದ್ದೇ ಇರುತ್ತದೆ. ಜೋರು ಮಳೆ ಹೆಚ್ಚಾಗಿ ಸೆಪ್ಟೆಂಬರ್–ಅಕ್ಟೋಬರಿನಲ್ಲಿ, ಸಂಜೆ ಹೊತ್ತು, ಗುಡುಗಿನ ಜೊತೆ ಬರುತ್ತದೆ. ದಾವಣಗೆರೆ ಜಿಲ್ಲೆಯೊಳಗೇ ಎರಡು ಬಗೆ ಇದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಅರೆಮಲೆನಾಡು. ಜಗಳೂರು ಪೂರ್ತಿ ಬಯಲು. 1997ರಲ್ಲಿ ಜಿಲ್ಲೆ ಮಾಡುವಾಗ ಚನ್ನಗಿರಿ, ಹೊನ್ನಾಳಿಗಳನ್ನು ಶಿವಮೊಗ್ಗದಿಂದ ತಂದು ಸೇರಿಸಿದ್ದರಿಂದ ಮಾತಿನಲ್ಲೂ ಆ ವ್ಯತ್ಯಾಸ ಉಳಿದಿದೆ.

ಈಗ ಮಳೆಯ ಬಗೆಗಳು. ಇವು ಸದ್ದಿನ ಪದಗಳಲ್ಲ, ಮಳೆಯ ಹೆಸರುಗಳು. ಆದರೆ ಹೆಸರು ಸರಿಯಿದ್ದರೆ ಸದ್ದಿನ ಮಾತು ಹುಡುಕುವುದು ಅರ್ಧ ಸುಲಭ.

ತುಂತುರು: ಮೈಗೆ ತಾಗಿದ್ದು ಗೊತ್ತಾಗುತ್ತದೆ, ಕಿವಿಗೆ ಕೇಳಿಸುವುದೇ ಇಲ್ಲ.
ಸೋನೆ: ಸಣ್ಣ ಹನಿಯ ಮಳೆ, ಬಿಡದೆ ಹಿಡಿದುಕೊಂಡದ್ದು.
ಜಿಟಿಜಿಟಿ: ಸೋನೆಯಂಥದ್ದೇ. ಆದರೆ ಹೇಳುವವರಿಗೆ ಬೇಸರ ಬಂದಿದೆ, ಅಂಗಳ ಕೆಸರಾಗಿದೆ.
ಜಡಿ: ದಿನಗಟ್ಟಲೆ ನಿಲ್ಲದ ಮಳೆ. ನಮ್ಮ ಬಯಲಿನಲ್ಲಿ ಅಪರೂಪ, ಸೈಕ್ಲೋನ್ ಬಂದಾಗ ಹಿಡಿಯುತ್ತದೆ.
ಬಿರುಮಳೆ: ದಪ್ಪ ಹನಿ, ಗಾಳಿ, ಬಂದ ಹಾಗೇ ಹೋಗುವುದು.
ಹದ ಮಳೆ: ಬಿತ್ತನೆಗೆ ನೆಲ ಸರಿಯಾಗಿ ನೆನೆಯುವಷ್ಟು ಬಂದದ್ದು.

ಹನಿಯ ಗಾತ್ರ ಕಿವಿಗೆ ಯಾಕೆ ಮುಖ್ಯ ಗೊತ್ತಾ? ಅರ್ಧ ಮಿಲಿಮೀಟರಿಗಿಂತ ಸಣ್ಣ ಹನಿ ತೇಲಿಕೊಂಡು ಇಳಿಯುತ್ತದೆ. ಐದು ಮಿಲಿಮೀಟರಿನ ಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬಂದು ಬಡಿಯುತ್ತದೆ. ತೂಕವೂ ಹೆಚ್ಚು, ವೇಗವೂ ಹೆಚ್ಚು. ಅದಕ್ಕೇ ಬಿರುಮಳೆಯ ಹತ್ತು ಹನಿ ಮಾಡುವ ಸದ್ದನ್ನು ಸೋನೆಯ ಸಾವಿರ ಹನಿ ಮಾಡುವುದಿಲ್ಲ.

ಹುಷಾರು: ಗುಡುಗು ಇದ್ದಾಗ

ಇದನ್ನು ಬಿಟ್ಟು ಮುಂದಕ್ಕೆ ಓದಬೇಡಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡ್ ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ದೂರ. ಎಣಿಕೆ 30ರೊಳಗೆ ಮುಗಿದರೆ ಸಿಡಿಲು ನಿಮ್ಮ ಹತ್ತಿರ ಬೀಳಬಹುದು ಎಂದರ್ಥ. ಗಟ್ಟಿ ಮನೆಯೊಳಗೆ ಹೋಗಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಹೊರಗೆ ಬರಬೇಡಿ. ಒಂಟಿ ಮರ, ಹೊಲದ ನಡುವಿನ ಪಂಪ್‌ಸೆಟ್ ಶೆಡ್, ಕೋಟೆಯ ತುದಿ, ಕೆರೆ ಏರಿ ಇವು ಯಾವುವೂ ಆಸರೆ ಅಲ್ಲ. ಸಿಡಿಲಿನ ಮುನ್ಸೂಚನೆಗೆ 'ದಾಮಿನಿ' ಆ್ಯಪ್ ಇದೆ, ಉಚಿತ. ಮಕ್ಕಳನ್ನು ಕರೆದುಕೊಂಡು ಹೋಗುವ ಮೇಷ್ಟ್ರುಗಳು ಅದನ್ನು ಮೊದಲೇ ಹಾಕಿಕೊಂಡಿರಬೇಕು.

ಹಂತ 2: ಒಂದು ಜಾಗ, ಒಂದೇ ಮೈ

ಮೊದಲ ದಿನವೇ ಊರೆಲ್ಲ ಸುತ್ತಬೇಡಿ. ಒಂದು ಜಾಗ ಆರಿಸಿ, ಅಲ್ಲಿ ಮಳೆ ಬೀಳುವ ಒಂದೇ ಮೈ ಆರಿಸಿ. ಮೈ ಅಂದರೆ ಹನಿ ಬಡಿಯುವ ಮೇಲ್ಭಾಗ. ನಮ್ಮ ಸೀಮೆಯಲ್ಲಿ ಸುಲಭವಾಗಿ ಸಿಗುವ ಕೆಲವನ್ನು ಹೇಳುತ್ತೇನೆ.

ತಗಡು. ತೆಳ್ಳಗಿನ ಹಾಳೆ, ಒಂದೊಂದು ಹನಿಗೂ ಇಡೀ ಹಾಳೆ ನಡುಗುತ್ತದೆ. ಅದಕ್ಕೇ ಸಣ್ಣ ಮಳೆಯನ್ನೂ ದೊಡ್ಡದು ಮಾಡಿ ಹೇಳುತ್ತದೆ. ತಗಡಿನ ಕೆಳಗೆ ಕೂತು ಮಳೆಯ ಜೋರನ್ನು ಅಂದಾಜು ಮಾಡಬೇಡಿ. ಸಿಮೆಂಟ್ ಶೀಟು ಇದಕ್ಕಿಂತ ಮಂದ, ಹೆಂಚು ಇನ್ನೂ ಮಂದ.

ಮಾಳಿಗೆ. ಚಳ್ಳಕೆರೆ, ಹಿರಿಯೂರು ಕಡೆಯ ಹಳ್ಳಿಗಳಲ್ಲಿ ಮಣ್ಣು ಹಾಕಿದ ಮಾಳಿಗೆ ಮನೆ ಇನ್ನೂ ಅಲ್ಲಲ್ಲಿ ಉಳಿದಿವೆ. ದಪ್ಪ ಮಣ್ಣು ಸದ್ದನ್ನು ನುಂಗುತ್ತದೆ. ಒಳಗೆ ಕೂತವರಿಗೆ ಮಳೆ ಗೊತ್ತಾಗುವುದು ಬೆಳಕಿಂಡಿಯಿಂದ, ಸೂರಿನ ನೀರಿನಿಂದ, ಇಲ್ಲಾ ಸೋರಲು ಶುರುವಾದಾಗ. ಅಂಥ ಮನೆಯಲ್ಲಿ ಬೆಳೆದವರ ಮಳೆ ಮಾತುಗಳಲ್ಲಿ ಸೋರುವುದರ ಮಾತೇ ಜಾಸ್ತಿ ಸಿಕ್ಕರೆ ಆಶ್ಚರ್ಯವಿಲ್ಲ.

ಬಂಡೆ ಮತ್ತು ಹೊಂಡ. ಚಿತ್ರದುರ್ಗದ ಕೋಟೆ ಇದಕ್ಕೆ ಹೇಳಿ ಮಾಡಿಸಿದ ಜಾಗ. ಮೇಲಿನಿಂದ ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಆಮೇಲೆ ಸಿಹಿನೀರು ಹೊಂಡ, ಊರಿನೊಳಗಿನ ಸಂತೆ ಹೊಂಡ. ಮೇಲಿನದು ತುಂಬಿದರೆ ಹೆಚ್ಚಾದ ನೀರು ಕೆಳಗಿನದಕ್ಕೆ ಇಳಿಯುವ ಹಾಗೆ ಕಟ್ಟಿದ್ದಾರೆ. ಬಂಡೆಗೆ ಬಡಿಯುವ ಹನಿ, ಬಂಡೆ ಮೇಲೆ ಜಾರುವ ನೀರು, ಹೊಂಡಕ್ಕೆ ಬೀಳುವ ಹನಿ ಮೂರೂ ಒಂದೇ ಕಡೆ ಕೇಳಿಸುತ್ತವೆ. ಆದರೆ ನೆನೆದ ಬಂಡೆ ಮೇಲೆ ಕಾಲಿಡಬೇಡಿ, ಜಾರುತ್ತದೆ. ಹನಿ ನಿಂತ ಮೇಲೆ, ಮೆಟ್ಟಿಲು ದಾರಿಯಲ್ಲೇ ಇಳಿದು ಬನ್ನಿ.

ಮೆಕ್ಕೆಜೋಳ. ದಾವಣಗೆರೆ ಸುತ್ತ ಇದಕ್ಕೆ ಕೊರತೆಯಿಲ್ಲ. ಆಗಸ್ಟಿನಲ್ಲಿ ಪೈರು ಆಳೆತ್ತರ ಬಂದಾಗ ಬದುವಿನಲ್ಲಿ ನಿಲ್ಲಿ. ಮಳೆ ನಿಮ್ಮನ್ನು ಮುಟ್ಟುವ ಮೊದಲೇ ಅದರ ಸದ್ದು ಆ ಕಡೆಯ ಹೊಲದಿಂದ ಬರುತ್ತದೆ. ಅಗಲ ಗರಿ ಹೊಂದಿದ ಸಾವಿರಾರು ಗಿಡ ಒಟ್ಟಿಗೆ ಬಡಿಸಿಕೊಳ್ಳುವ ಆ "ಸೊಯ್" ಹತ್ತಿರ ಬರುತ್ತಾ ಬರುತ್ತಾ "ಪಟಪಟ" ಆಗುತ್ತದೆ. ಬಯಲು ಸೀಮೆಯವರಿಗೆ ಮಾತ್ರ ಇಷ್ಟು ಚೆನ್ನಾಗಿ ಸಿಗುವ ಸದ್ದು ಇದು, ಬಿಡಬೇಡಿ.

ತಾಡಪಾಲು. ಇದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಹಂತ 3: ಐದು ನಿಮಿಷ ಸುಮ್ನೆ ಕೇಳಿ

ಬರೆಯಬೇಡಿ, ಮಾತಾಡಬೇಡಿ. ಮೊದಲು ದೂರದ ಸದ್ದಿಗೆ ಕಿವಿ ಕೊಡಿ. ಆಮೇಲೆ ನಡುವಿನದು. ಕೊನೆಗೆ ತೀರಾ ಹತ್ತಿರದ, ಎಣಿಸಬಹುದಾದ ಹನಿಗಳು. ದೂರದ್ದು ಯಾವಾಗಲೂ ಒಂದೇ ಎಳೆಯಾಗಿ ಕೇಳುತ್ತದೆ. ಹತ್ತಿರದ್ದು ಬಿಡಿ ಬಿಡಿ. ಎರಡಕ್ಕೂ ಒಂದೇ ಪದ ಹಾಕುವುದೇ ಎಲ್ಲರೂ ಎಡವುವ ಜಾಗ. "ಧೋ" ದೂರದ ಸದ್ದು. "ಟಪ್" ಹತ್ತಿರದ್ದು. ಒಂದೇ ಮಳೆಯಲ್ಲಿ ಎರಡೂ ಇರುತ್ತವೆ.

ಗುಡುಗಿಗೂ ಇದೇ ಲೆಕ್ಕ. ಮಿಂಚಿನ ಗೆರೆ ಕಿಲೋಮೀಟರುಗಟ್ಟಲೆ ಉದ್ದ ಇರುತ್ತದೆ. ಅದರ ಬೇರೆ ಬೇರೆ ಭಾಗದ ಸದ್ದು ಬೇರೆ ಬೇರೆ ಹೊತ್ತಿಗೆ ನಮ್ಮನ್ನು ತಲುಪುತ್ತದೆ, ದಾರಿಯಲ್ಲಿ ಚೂಪು ಸದ್ದೆಲ್ಲ ಗಾಳಿಯಲ್ಲಿ ಕರಗುತ್ತದೆ. ಉಳಿಯುವುದು "ಗುಡುಗುಡು". ತಲೆ ಮೇಲೇ ಬಡಿದರೆ "ಛಟೀರ್". ಸಿಡಿಲು ಪಕ್ಕದ ತೆಂಗಿನ ಮರಕ್ಕೆ ಬಡಿದ ದೃಶ್ಯದಲ್ಲಿ "ಗುಡುಗುಡು" ಬರೆದರೆ ಮರ ಹತ್ತು ಕಿಲೋಮೀಟರ್ ಆಚೆ ಹೋಗಿಬಿಡುತ್ತದೆ.

ಹಂತ 4: ಸದ್ದಿಗೆ ಅಕ್ಷರ ಆರಿಸಿ

ಇದೇ ಮುಖ್ಯ ಹಂತ. ನಿಧಾನವಾಗಿ ಓದಿ.

ಶಾಲೆಯಲ್ಲಿ 'ಅನುಕರಣಾವ್ಯಯ' ಅಂತ ಓದಿದ್ದು ನೆನಪಿದೆಯಾ? ಕೇಳಿದ ಸದ್ದನ್ನು ಬಾಯಲ್ಲಿ ಅಣಕಿಸಿ ಹೇಳುವ ಪದ. ಪಟಪಟ, ದಬದಬ, ಜುಳುಜುಳು ಎಲ್ಲ ಇದರೊಳಗೇ. ಪಟ್ಟಿ ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಇವು ಹೇಗೆ ಹುಟ್ಟುತ್ತವೆ ಎಂದು ತಿಳಿದರೆ ನಿಮ್ಮ ಕಿವಿಯೇ ಆರಿಸಿಕೊಳ್ಳುತ್ತದೆ. ನಾನು ಮೂರು ವಿಷಯ ನೋಡುತ್ತೇನೆ.

ಒಂದು, ವ್ಯಂಜನ. ಗಟ್ಟಿ ಮೈಗೆ ಹನಿ ಬಡಿದರೆ ನಾಲಿಗೆ ತಾನಾಗಿ ಟ, ಡ ಕಡೆ ಹೋಗುತ್ತದೆ: ಟಪಟಪ, ತಟತಟ, ಚಟಪಟ. ಮೆತ್ತಗಿನ ಮೈಯಾದರೆ ಪ, ಬ, ಚ: ಪಚಪಚ, ಪಚಕ್. ಎರೆಹೊಲದ ಕೆಸರಿನಲ್ಲಿ ನಡೆದವರಿಗೆ ಈ ಪಚಪಚ ವಿವರಿಸಬೇಕಿಲ್ಲ. ಬಿಡದೆ ಬರುವ ಸದ್ದಿಗೆ ಸ, ರ: ಸೊಯ್, ಸರಸರ, ಸುರ್. ಹರಿಯುವ ನೀರಿಗೆ ಳ: ಜುಳುಜುಳು, ಗಳಗಳ, ಬುಳುಬುಳು.

ಎರಡು, ಸ್ವರ. ಸಣ್ಣ, ತೆಳು ಸದ್ದಿಗೆ ಇ. ದಪ್ಪ, ಅಗಲ ಸದ್ದಿಗೆ ಅ. ಆಳದ, ಟೊಳ್ಳಾದ ಸದ್ದಿಗೆ ಒ, ಉ. ಟಿಪ್, ಟಪ್, ಟೊಪ್ ಮೂರನ್ನೂ ಗಟ್ಟಿಯಾಗಿ ಹೇಳಿ ನೋಡಿ. ಟಿಪ್ ಅಂದಾಗ ಹನಿ ಸಣ್ಣದು, ಲೋಟದ ಅಂಚಿಗೆ ಬಿದ್ದಿದೆ. ಟಪ್ ಅಂದಾಗ ಹನಿ ದಪ್ಪ, ಕಲ್ಲಿಗೆ ಬಿದ್ದಿದೆ. ಟೊಪ್ ಅಂದಾಗ ಖಾಲಿ ಕೊಡದೊಳಕ್ಕೋ ಬಕೆಟ್ಟಿನೊಳಕ್ಕೋ ಬಿದ್ದಿದೆ. ವ್ಯಂಜನ ಬದಲಾಗಲೇ ಇಲ್ಲ, ಅಲ್ವಾ? ಚಿಟಪಟಕ್ಕೂ ಚಟಪಟಕ್ಕೂ ಇರುವ ವ್ಯತ್ಯಾಸವೂ ಇದೇ.

ಮೂರು, ಪದದ ಬಾಲ. ಇಲ್ಲಿ ಬರೆಯುವವರು ಹೆಚ್ಚು ತಪ್ಪುತ್ತಾರೆ. ಪದ ಜೋಡಿಯಾಗಿ ಬಂದರೆ ಸದ್ದು ನಡೆಯುತ್ತಲೇ ಇದೆ: ರಪರಪ, ದಬದಬ, ತೊಟತೊಟ. ಒತ್ತಕ್ಷರ ಸೇರಿ '-ನೆ' ಬಂದರೆ ಒಂದೇ ಸಲ, ಥಟ್ಟಂತ ಆದದ್ದು: ರಪ್ಪನೆ, ಧೊಪ್ಪನೆ, ತೊಟ್ಟನೆ. "ಮಳೆ ರಪ್ಪನೆ ಮುಖಕ್ಕೆ ಹೊಡೆಯಿತು" ಅಂದರೆ ಬಾಗಿಲು ತೆರೆದ ಆ ಒಂದು ಗಳಿಗೆ. "ರಪರಪ ಹೊಡೆಯುತ್ತಿತ್ತು" ಅಂದರೆ ದಾರಿಯುದ್ದಕ್ಕೂ. "ರಾತ್ರಿಯಿಡೀ ರಪ್ಪನೆ ಸುರಿಯಿತು" ಅಂತ ಬರೆದರೆ ಅದು ಕನ್ನಡದ ಕಿವಿಗೆ ಒಗ್ಗುವುದಿಲ್ಲ. '-ಗುಟ್ಟು' ಸೇರಿಸಿದರೆ ಪದವೇ ಕ್ರಿಯೆಯಾಗುತ್ತದೆ: "ತೆಂಗಿನ ಗರಿ ಪಟಪಟಗುಟ್ಟಿತು," "ಕಪ್ಪೆ ವಟಗುಟ್ಟಿದವು." ಇದನ್ನು ಈಚೆಗೆ ಕಡಿಮೆ ಬಳಸುತ್ತಿದ್ದೇವೆ. ವಾಪಸ್ ತನ್ನಿ, ಚೆಂದದ ರೂಪ ಅದು.

ನೀರಿಗೆ ಬೀಳುವ ಹನಿಯ ಸದ್ದಿನ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಹೊಂಡಕ್ಕೋ ತೊಟ್ಟಿಗೋ ಹನಿ ಬಿದ್ದಾಗ ಕೇಳುವ "ಬುಳುಕ್" ಹನಿಯ ಪೆಟ್ಟಿನಿಂದ ಬರುವುದಲ್ಲ. ಹನಿ ಬಿದ್ದ ಜಾಗದಲ್ಲಿ ಪುಟ್ಟ ಗುಳಿ ಬೀಳುತ್ತದೆ. ಗುಳಿ ಮುಚ್ಚಿಕೊಳ್ಳುವಾಗ ಕೆಳಗೆ ಒಂದು ಗಾಳಿಗುಳ್ಳೆ ಸಿಕ್ಕಿಹಾಕಿಕೊಳ್ಳುತ್ತದೆ. ಆ ಗುಳ್ಳೆ ಹಿಗ್ಗಿ ಕುಗ್ಗಿ ಮೇಲಿನ ನೀರನ್ನು ಅದುರಿಸುತ್ತದೆ. ನಮಗೆ ಕೇಳುವುದು ಅದು. 2018ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಅತಿವೇಗದ ಕ್ಯಾಮೆರಾ, ಮೈಕ್ ಇಟ್ಟು ತೊಟ್ಟಿಕ್ಕುವ ಹನಿಯಲ್ಲಿ ಇದನ್ನು ತೋರಿಸಿದರು. ಗುಳ್ಳೆ ಸಣ್ಣದಾದಷ್ಟೂ ಸದ್ದು ಚೂಪು. ಬುಳುಬುಳು, ಗುಳುಗುಳು, ಬುಳುಕ್ ಎಂಬ ಮಾತುಗಳಲ್ಲಿ 'ಗುಳ್ಳೆ'ಯ ಉ, ಳ ಎರಡೂ ಇವೆ ನೋಡಿ. ಕ್ಯಾಮೆರಾ ಇಲ್ಲದವರ ಕಿವಿಯೂ ಸರಿಯಾಗಿಯೇ ಕೇಳಿಸಿಕೊಂಡಿತ್ತು.

ಎಚ್ಚರಿಕೆ ಎರಡು. ಜುಳುಜುಳು ಹರಿಯುವ ನೀರಿನದು, ಬೀಳುವ ಮಳೆಯದಲ್ಲ. "ಜುಳುಜುಳು ಮಳೆ" ಬೇಡ. ಭೋರ್ಗರೆಯುವುದು ಹೊಳೆ, ಜಲಪಾತ, ಕೋಡಿ. ಅಂಗಳದ ಮಳೆಗೆ ಅದು ಭಾರ. ಹಾಗೇ 'ಕುಂಭದ್ರೋಣ ಮಳೆ'ಯನ್ನು ಪತ್ರಿಕೆಗಳಿಗೆ ಬಿಟ್ಟುಬಿಡಿ. ಅದು ಜೋರನ್ನು ಹೇಳುತ್ತದೆ, ಏನನ್ನೂ ಕೇಳಿಸುವುದಿಲ್ಲ.

ಹಂತ 5: ಕ್ರಿಯಾಪದ ಸರಿಯಿದೆಯಾ ನೋಡಿ

ಸದ್ದಿನ ಪದ ಹಾಕಿದ ಮೇಲೂ ವಾಕ್ಯ ಸಪ್ಪೆ ಅನ್ನಿಸಿದರೆ ತಪ್ಪು ಕ್ರಿಯಾಪದದಲ್ಲಿರುತ್ತದೆ. ಎಲ್ಲ ಮಳೆಯೂ 'ಸುರಿಯುವುದಿಲ್ಲ'. ಹನಿ ಹಾಕುತ್ತದೆ, ಉದುರುತ್ತದೆ, ಜಿನುಗುತ್ತದೆ, ಹಿಡಿಯುತ್ತದೆ, ಹೊಡೆಯುತ್ತದೆ, ಬಡಿಯುತ್ತದೆ, ರಾಚುತ್ತದೆ, ಜಡಿಯುತ್ತದೆ, ಬಿಡುತ್ತದೆ. ಸೂರು ತೊಟ್ಟಿಕ್ಕುತ್ತದೆ. ಮಾಳಿಗೆ ಸೋರುತ್ತದೆ. ಜಗುಲಿಗೆ ಇರಚಲು ಬೀಳುತ್ತದೆ. ಇರಚಲು ಅಂದರೆ ಗಾಳಿಗೆ ಓರೆಯಾಗಿ ಒಳಗೆ ಚಿಮ್ಮುವ ಹನಿ. ಕ್ರಿಯಾಪದ ಸರಿಯಿದ್ದರೆ ಎಷ್ಟೋ ಸಲ ಸದ್ದಿನ ಪದವೇ ಬೇಕಾಗುವುದಿಲ್ಲ. ಒಂದು ಪ್ಯಾರಾದಲ್ಲಿ ಒಂದೇ ಅನುಕರಣಾವ್ಯಯ ಸಾಕು. ಸಾಲು ಸಾಲಾಗಿ ಚಟಪಟ, ಟಪಟಪ, ರಪರಪ ತುಂಬಿದರೆ ಓದುವವನಿಗೆ ಯಾವುದೂ ಕೇಳಿಸುವುದಿಲ್ಲ.

ಹಂತ 6: ಮೊಬೈಲಿನಲ್ಲಿ ಹಿಡಿಯುವುದು

ಬೇಡದವರು ಈ ಹಂತ ದಾಟಿ ಹೋಗಬಹುದು.

ಮೊದಲು ಏರೋಪ್ಲೇನ್ ಮೋಡ್ ಹಾಕಿ, ನಡುವೆ ಕರೆ ಬರಬಾರದು. ರೆಕಾರ್ಡರ್ ಸೆಟ್ಟಿಂಗ್ಸ್‌ನಲ್ಲಿ 'ನಾಯ್ಸ್ ರಿಡಕ್ಷನ್' ಇದ್ದರೆ ಆಫ್ ಮಾಡಿ. ಇದು ಹಿನ್ನೆಲೆ ಗದ್ದಲವನ್ನು ಅಳಿಸಿ ಮಾತನ್ನು ಉಳಿಸುವ ಸೌಲಭ್ಯ. ಮೊಬೈಲಿನ ಲೆಕ್ಕದಲ್ಲಿ ಮಳೆಯೇ ಗದ್ದಲ! ಆಫ್ ಮಾಡದಿದ್ದರೆ ನಿಮಗೆ ಬೇಕಾದ್ದನ್ನೇ ಅದು ಅಳಿಸಿ ಕೊಡುತ್ತದೆ. "ಕಿವಿಗೆ ಚೆನ್ನಾಗಿ ಕೇಳ್ತಿತ್ತು, ರೆಕಾರ್ಡಿಂಗ್‌ನಲ್ಲಿ ಬುಸ್ ಅಂತಷ್ಟೇ ಇದೆ" ಎಂದು ಹೇಳುವವರಲ್ಲಿ ಹೆಚ್ಚಿನವರ ತೊಂದರೆ ಇದೇ.

ಫೈಲ್ ಬಗೆ 'ವೇವ್' ಇಟ್ಟುಕೊಳ್ಳಿ. ಇದು ಸದ್ದನ್ನು ಹಿಂಡದೆ ಹಾಗೇ ಇಡುತ್ತದೆ. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಎಂಬುದು, 48,000 ಇರಲಿ. ನಿಮಿಷಕ್ಕೆ ಒಂದು ಚಾನೆಲ್‌ಗೆ ಸುಮಾರು 6 ಎಂಬಿ ಜಾಗ ಹಿಡಿಯುತ್ತದೆ.

ಮೈಕ್ ತೂತಿನ ಮೇಲೆ ಕಾಲುಚೀಲ ಹಾಕಿ. ಗಾಳಿಯ ಬುರ್‌ಬುರ್ ಕಡಿಮೆಯಾಗುತ್ತದೆ. ಮೊಬೈಲನ್ನು ಕೈಯಲ್ಲಿ ಹಿಡಿಯಬೇಡಿ, ಮಡಚಿದ ಟವೆಲ್ ಮೇಲೆ ಇಡಿ. ತಗಡಿನ ಶೆಡ್ಡಾದರೆ ಕಂಬಕ್ಕೋ ಶೀಟಿಗೋ ತಾಗಿಸಬೇಡಿ, ನಡುಕ ಸೀದಾ ಮೈಕಿಗೆ ಬರುತ್ತದೆ. ಸದ್ದಿನ ಅಳತೆಪಟ್ಟಿ ತುದಿಗೆ ಬಡಿದು ಕೆಂಪಾದರೆ ಸದ್ದು ಒಡೆಯುತ್ತಿದೆ ಎಂದರ್ಥ, ಇದನ್ನು ಕ್ಲಿಪ್ಪಿಂಗ್ ಎನ್ನುತ್ತಾರೆ. ಆಮೇಲೆ ಸರಿ ಮಾಡಲು ಆಗದು, ಆಗಲೇ ಮೊಬೈಲನ್ನು ದೂರ ಇಡಿ.

ಶುರುವಿನಲ್ಲಿ ತಾರೀಕು, ಊರು, ಮಳೆ ಬೀಳುತ್ತಿರುವ ಮೈ ಮೂರನ್ನೂ ಬಾಯಲ್ಲಿ ಹೇಳಿ. ಆಮೇಲೆ ಕನಿಷ್ಠ ಮೂರು ನಿಮಿಷ ಬಿಡಿ. ಮಳೆ ನಿಂತ ಕೂಡಲೇ ಆಫ್ ಮಾಡಬೇಡಿ. "ಮಳೆ ನಿಂತರೂ ಮರದ ಹನಿ ನಿಲ್ಲದು" ಅನ್ನುವ ಗಾದೆ ಗೊತ್ತಲ್ಲ, ಆ ಮರದ ಹನಿಯೂ ಬೇಕು. ಕಪ್ಪೆ, ಜೀರುಂಡೆ, ಕೇಗುವ ನವಿಲು ಎಲ್ಲ ಆಮೇಲೇ ಬರುವುದು.

ವಾಟ್ಸಾಪಿನಲ್ಲಿ ಕಳಿಸುವುದಾದರೆ 'ಡಾಕ್ಯುಮೆಂಟ್' ಆಗಿ ಕಳಿಸಿ, ಮೂಲ ಫೈಲ್ ಹಾಗೇ ಹೋಗುತ್ತದೆ.

ಹಂತ 7: ಹಿರಿಯರನ್ನು ಕೇಳುವುದು

"ಮಳೆ ಸದ್ದಿಗೆ ಏನೇನು ಪದ ಇವೆ ಅಜ್ಜಿ?" ಎಂದು ಕೇಳಬೇಡಿ. ಯಾರಿಗೂ ಪದಪಟ್ಟಿ ನೆನಪಿರುವುದಿಲ್ಲ. ನಿಮ್ಮ ರೆಕಾರ್ಡಿಂಗ್ ಕೇಳಿಸಿ, "ಇದು ಎಂಥ ಮಳೆ?" ಅನ್ನಿ. ಇಲ್ಲಾ ಕೆಲಸದ ಮೂಲಕ ಕೇಳಿ: "ಶೇಂಗಾ ಬಿತ್ತಬೇಕಾದರೆ ಎಂಥ ಮಳೆ ಬರಬೇಕಿತ್ತು?" "ಮಾಳಿಗೆ ಸೋರ್ತಿದ್ದಾಗ ಏನು ಮಾಡ್ತಿದ್ರಿ?" ಮಾತು ತಾನಾಗಿ ಬರುತ್ತದೆ.

ಮಳೆ ನಕ್ಷತ್ರ ತಪ್ಪದೆ ಕೇಳಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ ಎಂಬ ಲೆಕ್ಕದ ಮೇಲೆ ರೈತರು ಮಳೆಗೆ ಹೆಸರಿಟ್ಟಿದ್ದಾರೆ. ಏಪ್ರಿಲ್ ಕೊನೆಗೆ ಭರಣಿ, ಮೇ ಕೊನೆಗೆ ರೋಹಿಣಿ, ಜೂನ್ ಕೊನೆಗೆ ಆರಿದ್ರೆ, ಆಗಸ್ಟ್ ಮಧ್ಯಕ್ಕೆ ಮಘೆ, ಅಕ್ಟೋಬರಿನಲ್ಲಿ ಚಿತ್ತೆ, ಕೊನೆಗೆ ಸ್ವಾತಿ. "ರೋಹಿಣಿ ಮಳೆ ಬಂದ್ರೆ ಓಣಿಯೆಲ್ಲಾ ಜೋಳ", "ಆದರೆ ಆರಿದ್ರೆ, ಹೋದರೆ ದರಿದ್ರ" ಇಂಥವು ಊರಿಂದ ಊರಿಗೆ ಸ್ವಲ್ಪ ಸ್ವಲ್ಪ ಬದಲಾಗುತ್ತವೆ. ನಿಮ್ಮೂರಿನಲ್ಲಿ ಹೇಗೆ ಹೇಳಿದರೋ ಹಾಗೇ ಬರೆದುಕೊಳ್ಳಿ.

ಇಲ್ಲಿ ದೊಡ್ಡ ತಪ್ಪು ಅಂದರೆ ತಿದ್ದುವುದು. ದುರ್ಗದ ಕಡೆ "ಮಳೆ ಉಯ್ತು" ಅನ್ನುತ್ತಾರೆ. ಹರಪನಹಳ್ಳಿ ದಿಕ್ಕಿಗೆ ಹೋದಂತೆ "ಮಳಿ" ಆಗುತ್ತದೆ. ಅದನ್ನು "ಮಳೆ ಹೊಯ್ಯಿತು" ಎಂದು ತಿದ್ದಿ ಬರೆದರೆ ನೀವು ಕೇಳಿದ ಮಾತು ಅಲ್ಲಿಗೇ ಹೋಯಿತು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮನೆಮಾತು ತೆಲುಗು ಇರುವವರು ಬಹಳ. ತಾಂಡಾಗಳಲ್ಲಿ ಲಂಬಾಣಿ ಮಾತು. ಅವರ ಮಳೆ ಮಾತುಗಳನ್ನೂ ಬರೆದುಕೊಳ್ಳಿ, ಮನೆಮಾತು ಯಾವುದೆಂದು ಪಕ್ಕದಲ್ಲಿ ಗುರುತು ಹಾಕಿ.

ಮತ್ತೆ, ಎಂದೋ ಬಳಸುತ್ತಿದ್ದ ಮಾತು ಸತ್ತಿದೆ ಎಂದುಕೊಂಡು ಬಿಡಬೇಡಿ. ಹಿರಿಯೂರಿನ ವಾಣಿವಿಲಾಸ ಸಾಗರ, ನಮ್ಮವರ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದದ್ದು, ಆಮೇಲೆ ಬಿದ್ದದ್ದು 2022ರಲ್ಲಿ. ನಡುವೆ 89 ವರ್ಷ. ಮಾರಿಕಣಿವೆಯ ಕೋಡಿ ಎಂಬ ಮಾತು ಅಷ್ಟು ಕಾಲ ಹಿರಿಯರ ಬಾಯಲ್ಲಿ ಮಾತ್ರ ಇತ್ತು. ಆ ಸೆಪ್ಟೆಂಬರಿನಲ್ಲಿ ಮತ್ತೆ ಎಲ್ಲರ ಬಾಯಿಗೂ ಬಂತು. ಮಾತು ಮಳೆಗಾಗಿ ಕಾಯುತ್ತದೆ. ಬರೆದಿಟ್ಟುಕೊಳ್ಳುವುದು ನಮ್ಮ ಕೆಲಸ.

ಒಪ್ಪಿಗೆ ಕೇಳದೆ ಯಾರ ದನಿಯನ್ನೂ ರೆಕಾರ್ಡ್ ಮಾಡಬೇಡಿ, ಹಂಚಬೇಡಿ.

ಹಂತ 8: ಅಳತೆ ಮತ್ತು ಚೀಟಿ

ಡಬ್ಬಿಯನ್ನು ಬಯಲಲ್ಲಿ, ಮರ–ಸೂರಿನಿಂದ ದೂರ ಇಡಿ. ನಿಂತ ನೀರಿನ ಎತ್ತರವೇ ಮಿಲಿಮೀಟರ್ ಮಳೆ. ಒಂದು ಮಿಲಿಮೀಟರ್ ಅಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್ ನೀರು. ಹವಾಮಾನ ಇಲಾಖೆಯ ಲೆಕ್ಕದಲ್ಲಿ ದಿನಕ್ಕೆ 2.5 ಮಿ.ಮೀ. ದಾಟಿದರೆ ಅದು ಮಳೆಯ ದಿನ. 64.5 ಮುಟ್ಟಿದರೆ ಭಾರಿ ಮಳೆ. ಅಳತೆ ಇದ್ದರೆ ಒಂದು ಉಪಕಾರವಿದೆ: "ಬಿರುಮಳೆ" ಅಂದದ್ದು ಎಷ್ಟೋ ಸಲ 10 ಮಿ.ಮೀ. ಕೂಡ ಇರುವುದಿಲ್ಲ, ಇಡೀ ದಿನದ ಸೋನೆ ಅದನ್ನು ಮೀರಿರುತ್ತದೆ. ಕಿವಿಗೆ ಜೋರಾದದ್ದು ಹೊಲಕ್ಕೆ ಜೋರಾಗಿರಬೇಕಿಲ್ಲ.

ಪ್ರತಿ ಸದ್ದಿಗೂ ಒಂದು ಚೀಟಿ ಬರೆಯಿರಿ. ಹೇಗಿರಬೇಕೆಂದು ತಾಡಪಾಲಿನ ಮಾದರಿ ಕೊಡುತ್ತೇನೆ. ಅಕ್ಟೋಬರ್–ನವೆಂಬರಿನಲ್ಲಿ ದಾವಣಗೆರೆ ಸುತ್ತ ಕಣದಲ್ಲಿ, ರಸ್ತೆ ಬದಿಯಲ್ಲಿ ಮೆಕ್ಕೆಜೋಳ ಒಣಗಲು ಹರಡಿರುತ್ತಾರೆ. ಮೋಡ ಕಂಡ ಕೂಡಲೇ ರಾಶಿ ಮಾಡಿ ಪ್ಲಾಸ್ಟಿಕ್ ತಾಡಪಾಲು ಹೊದಿಸಿ, ಅಂಚಿಗೆ ಕಲ್ಲು ಹೇರುತ್ತಾರೆ. ಬಿಗಿಯಾಗಿ ಎಳೆದ ಕಡೆ ಹನಿ ತಮಟೆಗೆ ಬಡಿದ ಹಾಗೆ ಬಡಿಯುತ್ತದೆ. ಮಡಿಕೆ ಬಿದ್ದ ಕಡೆ ನೀರು ನಿಂತು ಸದ್ದು ಮಂದವಾಗುತ್ತದೆ. ಗಾಳಿಗೆ ಅಂಚು ಎದ್ದರೆ ಬೇರೆಯದೇ ಸದ್ದು, ಅದು ಕೇಳಿದ ಕೂಡಲೇ ಮನೆಯವರು ಎದ್ದು ಓಡುತ್ತಾರೆ. ನೆನೆದ ಜೋಳಕ್ಕೆ ಬೂಷ್ಟು ಬರುತ್ತದೆ, ರೇಟು ಬೀಳುತ್ತದೆ. ಈ ಆತಂಕವೂ ಚೀಟಿಯಲ್ಲಿ ಬರಬೇಕು.

ಮೈ: ತಾಡಪಾಲು, ಕೆಳಗೆ ಮೆಕ್ಕೆಜೋಳದ ರಾಶಿ.
ಮಳೆ: ಚಿತ್ತೆ, ಸಂಜೆ, ಗಾಳಿ ಸಮೇತ, ದಪ್ಪ ಹನಿ.
ದೂರದ ಸದ್ದು: ಸೊಯ್.
ಹತ್ತಿರದ ಸದ್ದು: ಬಿಗಿ ಕಡೆ ದಬದಬ, ನೀರು ನಿಂತ ಕಡೆ ಪೊಟ್ ಪೊಟ್, ಅಂಚು ಎದ್ದಾಗ ಫಟಾರ್.
ಜನ ಆಡಿದ ಮಾತು: ಕೇಳಿದ ಹಾಗೇ, ಇಡೀ ವಾಕ್ಯ.
ಯಾರಿಗೆ ಏನಾಯಿತು: ಅಂಚಿನ ಎರಡು ಸಾಲು ನೆನೆಯಿತು.
ಅಳತೆ: ಡಬ್ಬಿಯಲ್ಲಿ ಎಷ್ಟು ಮಿ.ಮೀ.

ರೆಕಾರ್ಡಿಂಗ್ ಫೈಲಿಗೂ ಇದೇ ಕ್ರಮದಲ್ಲಿ ಹೆಸರಿಡಿ: ವರ್ಷ-ತಿಂಗಳು-ದಿನ, ಊರು, ಮೈ. ವರ್ಷ ಮೊದಲು ಬಂದರೆ ಫೈಲುಗಳು ತಾವಾಗಿ ಸಾಲಾಗಿ ಕೂರುತ್ತವೆ. ಒಂದು ಪ್ರತಿ ಮೊಬೈಲಿನಲ್ಲಿ, ಇನ್ನೊಂದು ಪೆನ್‌ಡ್ರೈವ್‌ನಲ್ಲೋ ಕಂಪ್ಯೂಟರಿನಲ್ಲೋ ಇರಲಿ. ಚೀಟಿಯನ್ನು ಅದೇ ರಾತ್ರಿ ಬರೆದು ಮುಗಿಸಿ. ಮರುದಿನ ಬೆಳಿಗ್ಗೆಗೆ ದಬದಬವೋ ತಟತಟವೋ ಎಂಬ ಅನುಮಾನ ಶುರುವಾಗಿರುತ್ತದೆ.